ಯಾರಿಗೂ ಬೇಡದ ಚೀಟಿ ಬಟ್ಟೆ

ಪೋಸೊ ದೊ ಉಂಬು
ಮೇ ೩, ೧೯೬೧

ಮಗಳೇ ಕ್ಲಿಯೊನಿಸ್,

ದೇವರು ನಿನ್ನನ್ನೂ, ನಿನ್ನ ಗಂಡ ನಿವಾಲ್ಡೊನನ್ನೂ, ಪುಟ್ಟ ಜಂಡಿರಳನ್ನೂ ಚೆನ್ನಾಗಿಟ್ಟಿರಲಿ. ನೀನು ಕೇಳುವ ಮೊದಲೇ ಆಶೀರ್ವಾದ ಕೊಟ್ಟುಬಿಟ್ಟೆ, ನೋಡು. ನಿನ್ನ ಸೋದರಮಾವ ಯಾವುದರಲ್ಲೂ ತಡ ಮಾಡುವವನಲ್ಲ.

ಗರಾನ್ಯೂನ್ಸ್‌ನ ಚಳಿಗೆ ಮಗುವಿಗೊಂದು ಕೌದಿ ಹೊಲಿಯಬೇಕು, ತುಂಡು ಬಟ್ಟೆ ಸಾಲದು ಎಂದು ಬರೆದಿದ್ದೆಯಲ್ಲ. ಲಾರಿಯ ಅದೆಲ್ಮೊ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ. ಬಿಚ್ಚುವ ಮೊದಲು ಎಲ್ಲಾದರೂ ಕೂತುಕೋ. ಇಷ್ಟು ಕೆಟ್ಟ ಚೀಟಿ ಬಟ್ಟೆಯನ್ನು ನೀನು ಹುಟ್ಟಿದಾಗಿನಿಂದ ನೋಡಿರುವುದಿಲ್ಲ. ಹಳದಿ ಎಂದರೆ ಹಳದಿಯಲ್ಲ, ಕಾಮಾಲೆಯವನ ಕಣ್ಣಿನ ಬಣ್ಣ. ಅದರ ಮೇಲೆ ಕಂದು ಹೂವು. ಹೂವು ಎಂದು ಮಾರಿದವನು ಹೇಳಿರಬೇಕು. ನನಗೆ ಕಾಣುವುದು ಮೇಕೆಯ ಪಿತ್ತಕೋಶ ಹೆಚ್ಚಿ ಸಾಲಾಗಿ ಇಟ್ಟ ಹಾಗೆ. ಪ್ರತಿ ಹೂವಿನ ನಡುವೆ ಒಂದು ಕಪ್ಪು ಬೊಟ್ಟು. ಅದೆಲ್ಮೊ ನೋಡಿ, “ಟಿಬುರ್ಸಿಯೊ, ಇದನ್ನ ಲಾರಿ ಹಿಂದೆ ಕಟ್ಕೊಂಡ್ರೆ ಯಾವ ಗಾಡಿನೂ ನನ್ನ ಹತ್ತಿರಕ್ಕೆ ಬರಲ್ಲ ಬಿಡು” ಅಂದ.

ಅವನಿಗೇನು ಗೊತ್ತು. ಚೆಂದದ ಬಟ್ಟೆಯಲ್ಲಿ ಚೆಂದದ ಕೌದಿಯನ್ನು ಯಾವ ದಡ್ಡನಾದರೂ ಹೊಲಿದಾನು. ಪಾದ್ರಿಯ ಮನೆಯ ನೇರಳೆ ಹುಂಜಗಳ ಪರದೆಯನ್ನು ಯಾರು ಕೌದಿ ಮಾಡಿದ್ದು? ಈಗ ಬಿಷಪ್ಪರು ಬಂದರೆ ಅದನ್ನೇ ಹೊದೆಯಲು ಕೊಡುತ್ತಾರೆ. ಮೂರನೇ ತರಗತಿವರೆಗೆ ಓದಿದ, ಕುದುರೆಗೆ ಜೀನು ಹೊಲಿಯುವ ಟಿಬುರ್ಸಿಯೊ ಮಾಡಿದ್ದು ಅಂತ ಬಿಷಪ್ಪರಿಗೆ ಯಾರೂ ಹೇಳುವುದಿಲ್ಲ, ಅದು ಬೇರೆ ಮಾತು.

ಮೊದಲ ಉಪಾಯ ಸುಲಭದ್ದು. ಬಟ್ಟೆಯನ್ನು ತಿರುವಿ ಹಾಕು. ಅಚ್ಚು ಬೀಳದ ಹಿಂಬದಿ ಮಾಸಲು ಕೆನೆಬಣ್ಣ ಇರುತ್ತದೆ. ಆ ಬದಿಯನ್ನು ಮೇಲೆ ಮಾಡಿ, ಪಕ್ಕದಲ್ಲಿ ಗಟ್ಟಿ ನೀಲಿ ಕೂಡಿಸು. ಎಲ್ಲರೂ ನೀಲಿಯನ್ನು ಹೊಗಳುತ್ತಾರೆ, ಇದು ಸುಮ್ಮನೆ ಅದಕ್ಕೆ ಜಾಗ ಬಿಟ್ಟುಕೊಂಡು ಕೂತಿರುತ್ತದೆ.

ಎಲ್ಲಿಂದ ಬಂತು ಎನ್ನುತ್ತೀಯಾ? ಒಬ್ಬ ಮುದುಕಿಯ ಪೆಟ್ಟಿಗೆಯ ತಳದಿಂದ. ಅವಳಿಗೆ ಇನ್ನು ಬೇಕಾಗುವುದಿಲ್ಲ.

ನಿನ್ನ ಮಾವ,
ಟಿಬುರ್ಸಿಯೊ


ಗರಾನ್ಯೂನ್ಸ್
ಮೇ ೧೭, ೧೯೬೧

ಮಾವ, ಆಶೀರ್ವಾದ ಬೇಡುತ್ತೇನೆ.

ಗಂಟು ತಲುಪಿತು. ಬಿಚ್ಚಿ, ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟೆ. ಪಕ್ಕದ ಮನೆಯ ಒಟೀಲಿಯಮ್ಮ ಬಂದವರು, “ಅಯ್ಯೋ ದೇವರೇ, ಇದಕ್ಕೆ ಅಚ್ಚು ಹಾಕಿದವನಿಗೆ ಅವತ್ತು ಹೆಂಡ್ತಿ ಊಟ ಹಾಕಿರ್ಲಿಲ್ವೇನೋ” ಅಂದರು.

ನೀವು ಹೇಳಿದ ಹಾಗೇ ತಿರುವಿ ಹಾಕಿದೆ. ನಿವಾಲ್ಡೊನ ಹಳೆಯ ರೈಲ್ವೆ ಅಂಗಿಯ ನೀಲಿ ಪಕ್ಕದಲ್ಲಿ ಕೂಡಿಸಿದಾಗ ನಿಜಕ್ಕೂ ಚೆನ್ನಾಗಿ ಕಂಡಿತು. ಒಟೀಲಿಯಮ್ಮನೇ ಹೊಗಳಿದರು ಎಂದಮೇಲೆ ಕೇಳಬೇಕೆ. ಕೌದಿ ಮುಗಿಸಿ ಮಗುವಿಗೆ ಹೊದಿಸಿದ್ದೇನೆ. ಉಳಿದ ಬಟ್ಟೆಯಲ್ಲಿ ಒಂದು ಚೂರು ಅವಳ ಗೊಂಬೆಗೆ ರವಿಕೆಯೂ ಆಯಿತು. ಅವಳಂತೂ ಆ ಕೌದಿ ಬಿಟ್ಟು ಇರಳು, ಹಗಲಲ್ಲೂ ಹೆಗಲ ಮೇಲೆ ಹಾಕಿಕೊಂಡು ಓಡಾಡುತ್ತಾಳೆ.

ಒಂದೆರಡು ವಿಷಯ ಕೇಳಬೇಕಿತ್ತು. ಎಷ್ಟು ಒಗೆದರೂ ಬಟ್ಟೆಯಿಂದ ಲ್ಯಾವೆಂಡರ್ ನೀರಿನ ವಾಸನೆ ಹೋಗುತ್ತಿಲ್ಲ. ಅದರ ಒಂದು ತುದಿಯನ್ನು ಕಮಾನಿನ ಹಾಗೆ ಕತ್ತರಿಸಲಾಗಿದೆ, ನಾವು ಭುಜಕ್ಕೆ ತೋಳು ಕೂಡಿಸುವಾಗ ಕತ್ತರಿಸುತ್ತೇವಲ್ಲ, ಹಾಗೆ. ಯಾರಿಗೋ ಉಡುಪು ಹೊಲಿದು ಮಿಕ್ಕದ್ದೇ?

ಇನ್ನೊಂದು. ಮೊನ್ನೆ ಕೌದಿಯನ್ನು ಬಿಸಿಲಿಗೆ ಹಾಕಿ ತೆಗೆಯುವಾಗ ನೋಡಿದರೆ, ಕಂದು ಹೂವು ಈಚೆ ಬದಿಗೂ ಮೂಡಿದೆ. ಅಗ್ಗದ ಬಣ್ಣ, ಬಿಸಿಲಿಗೆ ಇಳಿದಿರಬೇಕು. ಆದರೆ ಪಕ್ಕದ ನೀಲಿಗೆ ಒಂದು ಚೂರೂ ತಗುಲಿಲ್ಲ. ಎರಡನೇ ಉಪಾಯ ಏನಾದರೂ ಇದ್ದರೆ ಬರೆಯಿರಿ.

ನಿಮ್ಮ ಸೊಸೆ,
ಕ್ಲಿಯೊನಿಸ್


ಪೋಸೊ ದೊ ಉಂಬು
ಮೇ ೩೦, ೧೯೬೧

ಮಗಳೇ,

ದೇವರು ಒಳ್ಳೆಯದು ಮಾಡಲಿ. ಎರಡನೇ ಉಪಾಯ ಇದ್ದರೆ ಎಂದರೆ? ನನ್ನ ಹತ್ತಿರ ಹತ್ತನೆಯದೂ ಇದೆ.

ಆ ತುಂಡುಗಳನ್ನಷ್ಟೇ ಬಿಚ್ಚಿ ತೆಗೆ. ಗೋಡಂಬಿ ಮರದ ತೊಗಟೆಯನ್ನು ಹಳೆಯ ಮಡಕೆಯಲ್ಲಿ ಕುದಿಸಿ, ತುಕ್ಕು ಹಿಡಿದ ಲಾಳ ಒಂದನ್ನು ಅದರಲ್ಲೇ ಹಾಕು. ನೀರು ಕಪ್ಪಗಾದ ಮೇಲೆ ಬಟ್ಟೆ ಮುಳುಗಿಸಿ, ತಣ್ಣಗಾಗುವವರೆಗೆ ಮುಟ್ಟಬೇಡ. ನಾನು ಚರ್ಮಕ್ಕೆ ಬಣ್ಣ ಹಾಕುವುದು ಹಾಗೆಯೇ. ಆ ಕಪ್ಪಿನೊಳಗೆ ಸೈತಾನನ ಮುಖವಿದ್ದರೂ ಮುಚ್ಚಿಹೋಗುತ್ತದೆ.

ಇಲ್ಲಿನ ಸುದ್ದಿ ಹೇಳುತ್ತೇನೆ ಕೇಳು. ಈಸ್ಟರ್ ಆದ ಮೇಲಿನ ವಾರ ನಮ್ಮ ಕಿಟೇರಿಯಜ್ಜಿ ತೀರಿಕೊಂಡಳು. ನೀನು ಚಿಕ್ಕವಳಿದ್ದಾಗ ನೋಡಿದ್ದೀಯ: ಉದ್ದನೆಯ ಮೂಗು, ಎಲ್ಲರ ಹೊಲಿಗೆಯಲ್ಲೂ ತಪ್ಪು ಹಿಡಿಯುವವಳು. ನನ್ನ ಜೀನನ್ನೂ ಬಿಟ್ಟವಳಲ್ಲ. “ಟಿಬುರ್ಸಿಯೊ, ನಿನ್ನ ಹೊಲಿಗೆ ಕುಡುಕ ಮನೆಗೆ ಹೋದ ಹಾಗಿದೆ” ಅಂತ ಸಂತೆಯಲ್ಲೇ ಹೇಳಿದ್ದಳು. ಈ ಊರಿನ ಹೆಣದಂಗಿಗಳನ್ನೆಲ್ಲ ಹೊಲಿದದ್ದು ಅವಳೇ. ಈಗ ಅವಳಿಗೇ ಹೊಲಿಯಬೇಕು ಎಂದರೆ ಹೆಂಗಸರೆಲ್ಲ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು. ಅವಳ ತಂಗಿಯ ಮಗಳು ರೈಮುಂಡ ಅಂತೂ, “ನಾನು ಹೊಲಿದ್ರೆ ಪೆಟ್ಟಿಗೆಯಿಂದ ಎದ್ದು ಬಂದು ಬಿಚ್ಚು ಅಂತಾಳೆ” ಅಂದಳು.

ಆಗ ಎದ್ದವನು ಯಾರು? ನಿನ್ನ ಮಾವ. “ಕೊಡ್ರೇ ಇಲ್ಲಿ ಸೂಜಿ” ಅಂದೆ. ನಿಯಮಗಳ ಪಟ್ಟಿಯನ್ನೇ ಓದಿದರು ನನಗೆ. ದಾರಕ್ಕೆ ಗಂಟು ಹಾಕಬಾರದು, ಹಾಕಿದರೆ ಆತ್ಮ ಅಲ್ಲೇ ಸಿಕ್ಕಿಕೊಳ್ಳುತ್ತದೆ. ದಾರವನ್ನು ಹಲ್ಲಲ್ಲಿ ಕಡಿಯಬಾರದು. ಹೆಣವನ್ನು ಬರಿಗಾಲಲ್ಲೇ ಕಳಿಸಬೇಕು. ಮಿಕ್ಕ ಬಟ್ಟೆ, ದಾರ, ಕೊನೆಗೆ ಸೂಜಿಯನ್ನೂ ಹೆಣದ ಪೆಟ್ಟಿಗೆಗೇ ಹಾಕಬೇಕು. ಆಗಲಿ ಆಗಲಿ ಅಂದೆ. ಅವಳೇ ಎಂದೋ ಕೊಂಡು ತೆಗೆದಿಟ್ಟಿದ್ದ ಬಟ್ಟೆಯಲ್ಲಿ ಎಷ್ಟು ಚೆನ್ನಾಗಿ ಹೊಲಿದೆ ಎಂದರೆ, ಹೆಣ ನೋಡಲು ಬಂದವರು ಅಳುವುದು ಮರೆತು ಕೊರಳಪಟ್ಟಿ ನೋಡಿದರು. ಮಿಕ್ಕದ್ದನ್ನೆಲ್ಲ ಒಳಗಿಟ್ಟೆ ಎಂದೆ, ಅವರೂ ನಂಬಿದರು.

ಜಂಡಿರಳಿಗೆ ಒಂದು ಅಚ್ಚು ಬೆಲ್ಲ ಇಟ್ಟಿದ್ದೇನೆ. ದಾರಿಯಲ್ಲಿ ಅದೆಲ್ಮೊ ಕಚ್ಚಿದ್ದರೆ ಗುರುತು ನೋಡಿ ಬರೆ.

ಟಿಬುರ್ಸಿಯೊ


ಗರಾನ್ಯೂನ್ಸ್
ಜೂನ್ ೧೨, ೧೯೬೧

ಮಾವ, ಆಶೀರ್ವಾದ ಬೇಡುತ್ತೇನೆ.

ಹೂವು ಮೂಡಿದ್ದ ತುಂಡುಗಳನ್ನಷ್ಟೇ ತೊಗಟೆಯಲ್ಲಿ ಕುದಿಸಿದೆ. ಬಟ್ಟೆ ಇದ್ದಿಲಿನಷ್ಟು ಕಪ್ಪಾಯಿತು. ಹೂವು ಮಾತ್ರ ಒಂದು ತೊಟ್ಟು ಬಣ್ಣವನ್ನೂ ಕುಡಿಯಲಿಲ್ಲ. ಮೊದಲು ಹಳದಿಯಲ್ಲಿ ಕಲಸಿಹೋಗಿದ್ದದ್ದು ಈಗ ಕಪ್ಪಿನ ಮೇಲೆ ಒಂದೊಂದಾಗಿ ಎದ್ದು ಕಾಣುತ್ತದೆ, ನಡುವಿನ ಬೊಟ್ಟೂ ಸೇರಿ. ಮತ್ತೆ ಹೊಲಿದ ಕೌದಿಯನ್ನು ಮಡಿಸಿ ಮೂಲೆಯಲ್ಲಿಟ್ಟರೆ, ನಾನು ಒಲೆಯ ಹತ್ತಿರ ಹೋದರೂ ಬಾಗಿಲ ಹತ್ತಿರ ಹೋದರೂ ಅವು ನನ್ನ ಕಡೆಗೇ ಇರುತ್ತವೆ.

ಅದು ಹೋಗಲಿ. ಜಂಡಿರಳ ಬಲಗೈ ತಣ್ಣಗಾಗಿದೆ.

ಜ್ವರವಿಲ್ಲ, ನೋವಿಲ್ಲ. ಬೆರಳಿಂದ ಮೊಣಕೈವರೆಗೆ, ಬಾವಿಯಿಂದ ಈಗತಾನೇ ಎತ್ತಿದ ಹಾಗೆ. ಎಣ್ಣೆ ಹಚ್ಚಿ ತಿಕ್ಕುತ್ತೇನೆ. ನನ್ನ ಕೈಯೇ ತಣ್ಣಗಾಗುತ್ತದೆ. ಡಾಕ್ಟರು ನೋಡಿ, ಬೆಳೆಯುವ ಮಕ್ಕಳಿಗೆ ಹೀಗಾಗುತ್ತದೆ ಎಂದರು. ಶಾಲೆಯಲ್ಲಿ ಬಳಪ ಹಿಡಿಯುವುದು ಅದೇ ಕೈಯಲ್ಲಿ.

ನಿನ್ನೆ ಮಧ್ಯಾಹ್ನ ನಾನು ಅವರೆಕಾಳು ಸುಲಿಯುತ್ತಿದ್ದೆ. ಅವಳು ಹೊಸ್ತಿಲ ಮೇಲೆ ಬಿಸಿಲಲ್ಲಿ ಕೂತು, ಬಲಗೈಯನ್ನು ನೆಟ್ಟಗೆ ಮುಂದಕ್ಕೆ ಚಾಚಿಕೊಂಡಿದ್ದಳು.

“ಯಾಕೇ, ಹಾಗೆ ಕೈ ಚಾಚ್ಕೊಂಡು ಕೂತಿದ್ದೀಯ?”

“ಅಜ್ಜಿ ಅಳತೆ ತಗೋತಿದ್ದಾಳೆ. ಅಲ್ಲಾಡ್ಬೇಡ ಅಂದಿದ್ದಾಳೆ.”

“ಯಾವ ಅಜ್ಜಿ?”

“ಅದೇ, ಒಂದೇ ತೋಳಿನ ಅಂಗಿ ಅಜ್ಜಿ. ಗೇಣಲ್ಲಿ ಅಳೀತಾಳೆ ಅಮ್ಮ. ಅವಳ ಮೂಗು ಎಷ್ಟುದ್ದ ಇದೆ ಗೊತ್ತಾ?”

ಇಲ್ಲಿ ಯಾರೂ ಅವಳಿಗೆ ಕಿಟೇರಿಯಜ್ಜಿಯ ವಿಷಯ ಹೇಳಿಲ್ಲ. ನಿಮ್ಮ ಪತ್ರವನ್ನು ನಾನು ಗಟ್ಟಿಯಾಗಿ ಓದಿಲ್ಲ. ಮಾವ, ಕೇಳಬಾರದ್ದನ್ನು ಕೇಳುತ್ತಿದ್ದೇನೆ. ಆ ಬಟ್ಟೆ ಯಾರದು?

ಕ್ಲಿಯೊನಿಸ್


ಪೋಸೊ ದೊ ಉಂಬು
ಜೂನ್ ೨೧, ೧೯೬೧

ಮಗಳೇ,

ದೇವರು ನಿನಗೆ ಸ್ವಲ್ಪ ಧೈರ್ಯ ಕೊಡಲಿ. ಮಕ್ಕಳು ಇಲ್ಲದ್ದನ್ನೆಲ್ಲ ನೋಡುತ್ತಾರೆ. ನೀನು ಆ ವಯಸ್ಸಿನಲ್ಲಿ ನಮ್ಮ ಕತ್ತೆ ಲ್ಯಾಟಿನ್ ಓದುತ್ತದೆ ಎಂದಿದ್ದೆ. ಎರಡು ದಿನಕ್ಕೆ ಸಂತ ಜಾನರ ಹಬ್ಬದ ಬೆಂಕಿ ಹಾಕುತ್ತಾರೆ. ಮಗುವನ್ನು ಬೆಂಕಿಯ ಹತ್ತಿರ ಕೂರಿಸು, ಎಳೆಜೋಳದ ಕಡುಬು ಬಿಸಿಬಿಸಿಯಾಗಿ ಕೈಗೆ ಕೊಡು, ತಣುಪು ಓಡಿಹೋಗುತ್ತದೆ.

ಬಟ್ಟೆ ಯಾರದು ಎಂದರೆ? ಊರೂರು ತಿರುಗುವ ವ್ಯಾಪಾರಿ ಒಬ್ಬನ ಹತ್ತಿರ ಕೊಂಡದ್ದು. ಅಷ್ಟೇ.

ಮೂರನೇ ಉಪಾಯ, ಇದರ ಮುಂದೆ ಯಾವ ಅಚ್ಚೂ ನಿಲ್ಲುವುದಿಲ್ಲ. ಲೋಟ ಬೋರಲು ಹಾಕಿ ಗೆರೆ ಎಳೆದು, ಬಟ್ಟೆಯನ್ನೆಲ್ಲ ದುಂಡಗೆ ಕತ್ತರಿಸು. ಅಂಚಿನ ಸುತ್ತ ದಾರ ಓಡಿಸಿ ಎಳೆದರೆ ನಿರಿಗೆ ಕೂಡಿ ಪುಟ್ಟ ಹೂವಾಗುತ್ತದೆ. ಆಕಾರವೇ ಕಾಣುತ್ತದೆ ಹೊರತು ಅಚ್ಚು ಕಾಣುವುದಿಲ್ಲ. ಅಂಥ ಹೂಗಳನ್ನು ಒಂದಕ್ಕೊಂದು ಕೂಡಿಸಿ ಹೊದಿಕೆ ಮಾಡು.

ನನಗೆ ಜೀನುಗಳ ಕೆಲಸ ರಾಶಿ ಬಿದ್ದಿದೆ. ಕೂಡಲೇ ಉತ್ತರ ಬರದಿದ್ದರೆ ಗಾಬರಿಯಾಗಬೇಡ.

ಟಿಬುರ್ಸಿಯೊ


ಗರಾನ್ಯೂನ್ಸ್
ಜುಲೈ ೪, ೧೯೬೧

ಟಿಬುರ್ಸಿಯೊ ಮಾವನಿಗೆ,

ಮೇ ತಿಂಗಳಲ್ಲಿ ಮುದುಕಿಯ ಪೆಟ್ಟಿಗೆ ಎಂದಿರಿ. ಜೂನ್‌ನಲ್ಲಿ ತಿರುಗುವ ವ್ಯಾಪಾರಿ ಎನ್ನುತ್ತೀರಿ.

ಹೂ ಮಾಡಿದೆ. ಒಂದು ಬುಟ್ಟಿ ತುಂಬಾ ಮಾಡಿ ಅಡುಗೆಮನೆಯಲ್ಲಿಟ್ಟು, ಮಗುವನ್ನು ಕರೆದುಕೊಂಡು ರೊಟ್ಟಿ ತರಲು ಹೋದೆ. ಬೀಗ ಹಾಕಿಕೊಂಡೇ ಹೋಗಿದ್ದೆ. ಬಂದು ನೋಡಿದರೆ ಹೂಗಳೆಲ್ಲ ಜಂಡಿರಳ ಹಾಸಿಗೆಯ ಮೇಲಿದ್ದವು. ಚೆಲ್ಲಿರಲಿಲ್ಲ. ಭುಜದ ಹತ್ತಿರ ಅಗಲವಾಗಿ, ಮಣಿಕಟ್ಟಿನ ಹತ್ತಿರ ಸಣ್ಣದಾಗಿ, ಸಾಲುಸಾಲಾಗಿ ಇಟ್ಟಿತ್ತು. ನಾನು ಹೊಲಿಯುವವಳು, ಮಾವ. ತೋಳಿನ ಅಳತೆ ನೋಡಿದರೆ ಗೊತ್ತಾಗುತ್ತದೆ. ಅದು ಮಗುವಿನ ಅಳತೆಯಲ್ಲ.

ತಣುಪು ಭುಜಕ್ಕೆ ಏರಿದೆ. ಅವಳು ಚಮಚ ಹಿಡಿಯಲಾರಳು. ಆ ಕೈಗೆ ಸೂಜಿ ತಾಗಿದರೂ ತಿಳಿಯುವುದಿಲ್ಲ. ಅವಳು ಹೆದರಿಯೂ ಇಲ್ಲ, ಅದೇ ನನಗೆ ಭಯ. “ತೋಳು ಸಿಗೋವರೆಗೆ ನನ್ನ ಕೈ ಇಟ್ಕೊಂಡಿರ್ತಾಳಂತೆ” ಎಂದು ನಗುತ್ತಾ ಹೇಳುತ್ತಾಳೆ.

ನಿಮ್ಮ ಇನ್ನೊಂದು ಉಪಾಯ ನನಗೆ ಬೇಡ. ನಿಜ ಬರೆಯಿರಿ.

ಕ್ಲಿಯೊನಿಸ್


ಗರಾನ್ಯೂನ್ಸ್
ಜುಲೈ ೧೮, ೧೯೬೧

ಮಾವ,

ಅದೆಲ್ಮೊ ಎರಡು ಸಲ ಬಂದ. ಎರಡು ಸಲವೂ ಬರಿಗೈ. ನೀವು ಕದ ಹಾಕಿಕೊಂಡು ಒಳಗಿದ್ದೀರಿ ಎಂದ. ಮಗುವಿನ ಉಗುರು ನೀಲಿಯಾಗಿದೆ.

ಕ್ಲಿ.


ಪೋಸೊ ದೊ ಉಂಬು
ಜುಲೈ ೨೫, ೧೯೬೧

ಮಗಳೇ ಕ್ಲಿಯೊನಿಸ್,

ನೀನು ಆಶೀರ್ವಾದ ಕೇಳುವುದನ್ನು ಬಿಟ್ಟಿದ್ದೀಯ. ನಾನು ಕೊಡುವುದನ್ನು ಬಿಟ್ಟಿಲ್ಲ. ದೇವರು ಮಗುವನ್ನು ಕಾಯಲಿ.

ಕದ ಹಾಕಿಕೊಂಡಿದ್ದು ನಿಜ. ಅದನ್ನು ತೆಗೆಸಿದವಳು ರೈಮುಂಡ. ನಿನ್ನ ಚಿಕ್ಕ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದಳು. ಅದೆಲ್ಮೊ ಅವಳಿಗೆ ಕೊಟ್ಟು, “ಈ ಮುದುಕ ಓದದಿದ್ರೆ ನೀನೇ ಓದಿ ಹೇಳಮ್ಮ” ಅಂದನಂತೆ. ಅವಳ ಮುಂದೆ ಎಲ್ಲ ಹೇಳಿದೆ. ನಿನಗೂ ಹೇಳುತ್ತೇನೆ.

ಆ ಬಟ್ಟೆ ಕಿಟೇರಿಯಜ್ಜಿ ತನ್ನ ಹೆಣದಂಗಿಗೆ ಲ್ಯಾವೆಂಡರ್ ನೀರು ಚಿಮುಕಿಸಿ ತೆಗೆದಿಟ್ಟಿದ್ದದ್ದು. ಹೊಲಿಯಲು ಕೂತಾಗ ನನಗೆ ಒಂದೇ ಯೋಚನೆ: ಜೀವಮಾನವೆಲ್ಲ ನನ್ನ ಹೊಲಿಗೆಯನ್ನು ಹಳಿದವಳ ಈ ದರಿದ್ರ ಬಟ್ಟೆಯಲ್ಲೇ ಊರು ಬಾಯಿ ಬಿಡುವಂಥ ಕೌದಿ ಮಾಡಿ ತೋರಿಸಬೇಕು. ಅದಕ್ಕೆ ಬಟ್ಟೆ ಉಳಿಯಬೇಕಲ್ಲ. ಪೆಟ್ಟಿಗೆಯಲ್ಲಿ ಮಲಗಿಸುವಾಗ ಎದೆಯ ಮೇಲೆ ಕೈ ಕಟ್ಟಿಸುತ್ತೇವೆ, ಎಡಗೈ ಮೇಲೆ, ಬಲಗೈ ಅಡಿಗೆ. ಅಡಿಗಿರುವ ಕೈ ಯಾರಿಗೆ ಕಾಣುತ್ತದೆ? ಜೀನಿನ ಕೆಲಸದಲ್ಲೂ ಹಾಗೇ, ಕುದುರೆಯ ಬೆನ್ನಿಗೆ ತಾಗುವ ಕಡೆ ಒಳ್ಳೆಯ ಚರ್ಮ ಯಾರೂ ಹಾಕುವುದಿಲ್ಲ. ಬಲತೋಳನ್ನು ಹೊಲಿಯಲೇ ಇಲ್ಲ. ಬರಿಯ ಕೈಯ ಮೇಲೆ ಹೂವು ಸುರಿದೆ.

ರೈಮುಂಡ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂತುಕೊಂಡಳು. ಆಮೇಲೆ ಹೇಳಿದಳು:

“ಅವಳು ಅಂಥಾ ಬಟ್ಟೇನ ಬೇಕಂತಲೇ ಕೊಂಡಿದ್ದು, ಟಿಬುರ್ಸಿಯೊ. ಅಂಗಡಿಯವನು ಬಿಳೀದು ತೋರಿಸ್ದ, ನೀಲಿದು ತೋರಿಸ್ದ. ‘ಅದೆಲ್ಲ ಬೇಡ, ಒಳ್ಳೇ ಬಟ್ಟೆ ಆದ್ರೆ ಯಾರಾದ್ರೂ ಚೂರು ಉಳಿಸ್ಕೋತಾರೆ, ನಾನು ಅದನ್ನ ಹುಡುಕ್ಕೊಂಡು ಅಲೀಬೇಕು. ಯಾರೂ ಮುಟ್ಟದಂಥದ್ದು ಕೊಡು’ ಅಂದ್ಲು. ಇದನ್ನೂ ಕದಿಯೋನು ಒಬ್ಬ ಹುಟ್ಟಿದ್ದಾನೆ ಅಂತ ಪಾಪ ಅವಳಿಗೆ ಹೊಳೀಲೇ ಇಲ್ಲ.”

“ಈಗ ಏನು ಮಾಡ್ಲಿ?” ಅಂದೆ.

“ಆ ತೋಳು ಹೊಲಿ. ನಿನ್ನ ಕೈಯಿಂದ್ಲೇ. ಒಂದು ಚಿಂದಿನೂ ಹೊರಗೆ ಉಳೀಬಾರದು, ಗಂಟೂ ಬೀಳಬಾರದು. ಆಮೇಲೆ ಈ ಊರಿಂದ ಮುಂದೆ ಹೋಗೋರ ಜೊತೆ, ಅವರ ಹೆಣದ ಪೆಟ್ಟಿಗೇಲಿಟ್ಟು ಕಳಿಸು. ಅವರು ತಲುಪಿಸ್ತಾರೆ.”

“ಗೋರಿ ಅಗೆದು ಇಟ್ಟುಬಿಟ್ರೆ ಆಗಲ್ವಾ? ಈಗ್ಲೇ ಅಗೀತೀನಿ.”

“ಅವಳು ಅಲ್ಲಿದ್ರೆ ತಾನೇ? ಅವಳು ಗರಾನ್ಯೂನ್ಸ್‌ನಲ್ಲಿದ್ದಾಳೆ.”

ಮಗಳೇ, ಇರುವುದನ್ನೆಲ್ಲ ಕಳಿಸು. ತಿರುವಿದ್ದು, ಕಪ್ಪು ಮಾಡಿದ್ದು, ನಿರಿಗೆಯ ಹೂವು, ಎಲ್ಲ. ಗುಡಿಸಿದ ಕಸದಲ್ಲೂ ಹುಡುಕು.

ಟಿಬುರ್ಸಿಯೊ


ಗರಾನ್ಯೂನ್ಸ್
ಜುಲೈ ೩೧, ೧೯೬೧

ಮಾವ,

ಎಲ್ಲ ಬಿಚ್ಚಿ ಕಳಿಸಿದ್ದೇನೆ. ಕತ್ತರಿಯಿಂದ ಬಿದ್ದ ಅಂಚುಗಳನ್ನು ಕಸದ ಗುಂಡಿಯಿಂದ ಆರಿಸಿ ತೊಳೆದೆ. ಒಟೀಲಿಯಮ್ಮ ಒಂದು ಹೂವನ್ನು ತಲೆಗೂದಲಿಗೆ ಕಟ್ಟಿಕೊಳ್ಳಲು ಒಯ್ದಿದ್ದರು, ಅದನ್ನೂ ಕೇಳಿ ತಂದೆ. ಗೊಂಬೆಯ ರವಿಕೆ ಬಿಚ್ಚುವಾಗ ಜಂಡಿರ ಅಳಲಿಲ್ಲ. “ಗೊಂಬೇದೂ ಒಂದು ಕೈ ತಣ್ಣಗಿತ್ತು” ಎಂದಳು. ಅದು ಚಿಂದಿಯ ಗೊಂಬೆ, ಮಾವ.

ಗಂಟನ್ನು ಅದೆಲ್ಮೊ ಮುಂದೆ ಕೂರಿಸಿಕೊಳ್ಳಲು ಒಪ್ಪಲಿಲ್ಲ, ಹಿಂದೆ ಮೂಟೆಗಳ ನಡುವೆ ಹಾಕಿಕೊಂಡ.

ನಿಮ್ಮ ಮೇಲೆ ನನಗೆ ಎಷ್ಟು ಕೋಪವಿದೆ ಎಂದು ಬರೆಯಲು ಈಗ ಹೊತ್ತಿಲ್ಲ. ಬೇಗ ಹೊಲಿಯಿರಿ. ಮುಂದೆ ಹೋಗುವವರು ಯಾರು, ಯಾವಾಗ ಎಂದು ಕೇಳಲು ನನಗೆ ಬಾಯಿಲ್ಲ. ಒಂದು ಮಗುವಿಗಾಗಿ ಇನ್ನೊಬ್ಬರ ಸಾವಿಗೆ ಕಾಯುವಂತಾಯಿತು. ಮೇಣದಬತ್ತಿ ಹಚ್ಚಲು ಹೋಗಿ ಏನು ಬೇಡಬೇಕೆಂದು ತಿಳಿಯದೆ ಹಿಂದಕ್ಕೆ ಬಂದೆ.

ಕ್ಲಿಯೊನಿಸ್


ಪೋಸೊ ದೊ ಉಂಬು
ಆಗಸ್ಟ್ ೧೪, ೧೯೬೧

ಮಗಳೇ,

ದೇವರು ನಿನಗೆ ಒಳ್ಳೆಯದು ಮಾಡಲಿ.

ತೋಳು ಮುಗಿಯಿತು. ನೀನು ನೋಡಬೇಕಿತ್ತು ಕಣೇ! ಚೂರು ಚೂರಾದ ಬಟ್ಟೆ, ಒಂದು ಕಡೆ ಕಪ್ಪು, ಒಂದು ಕಡೆ ಕೆನೆ, ಒಂದು ಕಡೆ ಆ ಕಾಮಾಲೆ ಹಳದಿ. ಮುಚ್ಚುವ ಉಪಾಯಗಳನ್ನೆಲ್ಲ ಬಿಟ್ಟೆ. ಹೂವನ್ನು ಹೂವಿಗೆ ಎದುರಾಗಿ, ಮುಖ ಮೇಲೆ ಮಾಡಿ ಕೂಡಿಸಿದೆ. ಭುಜದ ಹತ್ತಿರ ಕಪ್ಪಿಂದ ಶುರುವಾಗಿ ಇಳಿಯುತ್ತಾ ಇಳಿಯುತ್ತಾ ಬೆಳಕಾಗುತ್ತದೆ. ಮಣಿಕಟ್ಟಿಗೆ ನಿನ್ನ ನಿರಿಗೆ ಹೂಗಳ ಸುತ್ತು. ಗಂಟಿಲ್ಲ: ಶುರುವಿನಲ್ಲಿ ದಾರದ ಬಾಲ ಬಿಟ್ಟು, ಅದರ ಮೇಲೇ ಹಿಂದಕ್ಕೂ ಮುಂದಕ್ಕೂ ಹೊಲಿದು ಹುದುಗಿಸಿದೆ. ರೈಮುಂಡ ಒಳಗನ್ನು ಹೊರಗೆ ಮಾಡಿ ನೋಡಿದಳು, ಯಾವುದು ಒಳಗು ಎಂದು ಅವಳಿಗೇ ತಿಳಿಯಲಿಲ್ಲ. ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಯಾರೂ ಮುಟ್ಟಲಿಲ್ಲ, ಆದರೆ ಯಾರೂ ಬೇಗ ಹೋಗಲೂ ಇಲ್ಲ.

ಇನ್ನು ಒಯ್ಯುವವರ ಮಾತು. ಎದುರು ಮನೆಯ ಫುಲ್ಜೆನ್ಸಿಯೊ ನಿನಗೆ ನೆನಪಿರಬೇಕು, ಎದೆರೋಗದವನು. ಪಾದ್ರಿ ಬಂದು ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆ ಹಚ್ಚಿ ಹೋದದ್ದು ಎಷ್ಟು ಸಲವೋ. ದಿನವೂ ಹೋಗಿ ವಿಚಾರಿಸುತ್ತೇನೆ. ಮೊನ್ನೆ ಸಿಟ್ಟಾದ: “ಏನಯ್ಯ ನೀನು, ‘ಹೇಗಿದ್ದೀಯ’ ಅಂತೀಯ, ‘ಚೆನ್ನಾಗಿದ್ದೀನಿ’ ಅಂದ್ರೆ ಮುಖ ಸಪ್ಪಗೆ ಮಾಡ್ಕೋತೀಯ!” ಈಗ ಅವನು ನನ್ನನ್ನು ಕಂಡರೆ ಹಟಕ್ಕೆ ಎದ್ದು ಕೂತು ಮಾಂಸದ ಸಾರು ಕೇಳುತ್ತಾನೆ. ನಾನು ಹೋಗಿ ಹೋಗಿಯೇ ಅವನಿಗೆ ಗುಣವಾಯಿತು ಎಂದು ಅವನ ಹೆಂಡತಿ ನನಗೊಂದು ಕೋಳಿ ಕೊಟ್ಟಳು.

ಅದಕ್ಕೇ ತೋಳನ್ನು ಮನೆಯಲ್ಲಿಟ್ಟಿಲ್ಲ. ನನ್ನ ಕೋಟಿನ ಒಳಜೇಬಿನಲ್ಲಿ, ಎದೆಯ ಮೇಲೇ ಇಟ್ಟುಕೊಂಡು ಓಡಾಡುತ್ತೇನೆ. ಯಾರು ಯಾವಾಗ ಹೊರಟರೂ ಕೊಡಬಹುದು. ಔಷಧಿ ಅಂಗಡಿಯವನು ನನ್ನ ಎದೆಯ ಅದೇ ಜಾಗಕ್ಕೆ ಕಿವಿಯಿಟ್ಟು ಕೇಳಿ, “ಮೆಟ್ಟಿಲು ಹತ್ತಬೇಡ ಮಾರಾಯ” ಎಂದ. ಅವನ ಕಾಲರ್ ಡೊಂಕಾಗಿದೆ ಎಂದು ಹೇಳಿ ಬಂದೆ. ಬಾವಿಯಿಂದ ನೀರನ್ನು ಈಗ ರೈಮುಂಡ ತಂದುಕೊಡುತ್ತಾಳೆ, ನನಗೆ ಕೆಲಸ ಜಾಸ್ತಿ ಅಂತ. ಅವಳಿಗೆ ಒಂದು ಮಾತು ಹೇಳಿದ್ದೇನೆ: ಯಾರು ಏನೇ ಹೇಳಲಿ, ಈ ಕೋಟನ್ನು ಮಾತ್ರ ನನ್ನ ಮೈಮೇಲಿಂದ ತೆಗೆಯಬಾರದು. ಅವಳು ಸರಿ ಎಂದು ಮುಖ ತಿರುಗಿಸಿಕೊಂಡಳು.

ಮಗುವಿಗೆ ಹೇಳು, ತೋಳು ಬರುತ್ತಿದೆ ಎಂದು. ಫುಲ್ಜೆನ್ಸಿಯೊಗಾಗಿ ಕಾಯಬೇಕಾಗುವುದಿಲ್ಲ. ನಿನ್ನ ಮಾವ ಯಾವುದರಲ್ಲೂ ತಡ ಮಾಡುವವನಲ್ಲ.

ಟಿಬುರ್ಸಿಯೊ


ಗರಾನ್ಯೂನ್ಸ್
ಆಗಸ್ಟ್ ೨೭, ೧೯೬೧

ಪ್ರೀತಿಯ ಮಾವ, ಆಶೀರ್ವಾದ ಬೇಡುತ್ತೇನೆ. ಎರಡು ತಿಂಗಳಿಂದ ಬೇಡದೆ ಬಿಟ್ಟದ್ದನ್ನೂ ಸೇರಿಸಿ ಕೊಡಿ.

ಜಂಡಿರಳ ಕೈ ಬೆಚ್ಚಗಾಯಿತು! ಮಂಗಳವಾರ ಮಧ್ಯಾಹ್ನ. ನಾನು ಒಲೆಯ ಮುಂದೆ ಜೋಳದ ಹಿಟ್ಟು ಬೇಯಿಸುತ್ತಿದ್ದೆ. ಹಿತ್ತಲಿಂದ ಬಂದವಳು ಆ ಕೈಯಲ್ಲೇ ನನ್ನ ಲಂಗ ಎಳೆದಳು. ನಾನು ಹಿಂದಿರುಗಿ ನೋಡುವಷ್ಟರಲ್ಲಿ ಚಮಚ ಎತ್ತಿ ಪಾತ್ರೆಗೆ ಹಾಕಿದ್ದಳು. ಉಗುರು ಕೆಂಪಾಗಿದೆ. ನಿವಾಲ್ಡೊ ಅವಳನ್ನು ಎತ್ತಿಕೊಂಡು ಬೀದಿಯೆಲ್ಲ ತಿರುಗಿ, ಕಂಡವರಿಂದೆಲ್ಲ ಆ ಕೈ ಕುಲುಕಿಸಿಕೊಂಡು ಬಂದ.

ಹಾಗಾದರೆ ಪಾಪ, ಫುಲ್ಜೆನ್ಸಿಯೊ ಹೋದರೆಂದಾಯಿತು. ಅವರ ಹೆಸರಿನಲ್ಲಿ ಮೇಣದಬತ್ತಿ ಹಚ್ಚಿದ್ದೇನೆ, ಪಾದ್ರಿಗೆ ಹೇಳಿ ಪ್ರಾರ್ಥನೆಯನ್ನೂ ಮಾಡಿಸುತ್ತೇನೆ. ಅವರ ಹೆಂಡತಿಗೆ ನನ್ನ ಸಂತಾಪ ತಿಳಿಸಿ. ಕೋಳಿ ತಿಂದಿದ್ದರೆ ಹಿಂದಕ್ಕೆ ಕೊಡುವ ದಾರಿ ನೋಡಿ.

ಈಗ ನಿಮ್ಮನ್ನು ಬೈಯಬೇಕು. ಅದೆಲ್ಮೊನ ಲಾರಿಯಲ್ಲಿ ಇಲ್ಲಿಯವರೆಗೆ ಬಂದು, ನನ್ನ ಮುಖ ನೋಡದೆ ಹೋದಿರಾ? ಕೋಪ ಇನ್ನೂ ಇದೆ ಎಂದುಕೊಂಡಿರಾ? ಒಂದು ಲೋಟ ಕಾಫಿ ಕೊಡದಷ್ಟು ಕೆಟ್ಟವಳಲ್ಲ ನಾನು. ಜಂಡಿರ ಎಲ್ಲ ಹೇಳಿದಳು.

“ಟಿಬುರ್ಸಿಯೊ ತಾತ ಬಂದಿದ್ರು, ಹಿತ್ತಲಿಗೆ. ಅಜ್ಜಿಗೆ ತೋಳು ಹಾಕಿಕೊಟ್ರು. ಅಜ್ಜಿ ಒಳಗೆ ನೋಡಿದ್ಲು, ಹೊರಗೆ ನೋಡಿದ್ಲು, ತಪ್ಪು ಹುಡುಕಿದ್ಲು ಹುಡುಕಿದ್ಲು, ಸಿಗಲೇ ಇಲ್ಲ. ತಾತ ಎಷ್ಟು ನಕ್ಕರು ಗೊತ್ತಾ!”

“ಆಮೇಲೆ?”

“ಆಮೇಲೆ ಅಜ್ಜಿ, ‘ನಡಿಯಯ್ಯ, ಹೊತ್ತಾಯ್ತು’ ಅಂದ್ಲು. ಇಬ್ರೂ ಹೋದ್ರು.”

ನೀವು ಏನು ಹಾಕಿಕೊಂಡಿದ್ದಿರಿ ಎಂದು ಕೇಳಿದೆ, ಇಲ್ಲಿನ ಚಳಿ ನಿಮಗೆ ಒಗ್ಗುವುದಿಲ್ಲವಲ್ಲ. ಕೋಟು ಹಾಕಿದ್ದರು, ಗುಂಡಿಯೆಲ್ಲ ಬಿಗಿದಿತ್ತು, ಕಾಲು ಬರಿಗಾಲು ಎಂದಳು.

ಬೂಟು ಯಾಕೆ ಹಾಕಿಕೊಂಡಿರಲಿಲ್ಲ, ಮಾವ? ಇಲ್ಲಿನ ನೆಲ ಎಷ್ಟು ತಣ್ಣಗಿರುತ್ತದೆ ಎಂದು ನಿಮಗೆ ಗೊತ್ತಿಲ್ಲವೇ? ಕೂಡಲೇ ಬರೆಯಿರಿ.

ನಿಮ್ಮ ಸೊಸೆ,
ಕ್ಲಿಯೊನಿಸ್